ದೋಷ ಎಲ್ಲಿದೆ?

ಲೆಕ್ಕ ತಾಳೆಯಾಗದಿದ್ದಾಗ ದೋಷವನ್ನು ಎಲ್ಲಿ ಹುಡುಕಬೇಕು? ಕಣ್ಣಿಗೆ ಬೀಳದ ವಸ್ತುವಿನಲ್ಲೋ, ನಾವು ನಂಬಿ ಬಂದ ನಿಯಮದಲ್ಲೋ?

ಫ್ರಾನ್ಸಿನ ಖಗೋಳಜ್ಞ ಲವೆರಿಯೆಗೆ ಈ ಪ್ರಶ್ನೆ ಎರಡು ಸಲ ಎದುರಾಯಿತು. ಯುರೇನಸ್ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕೆಂದು ಆತ ಬರ್ಲಿನ್‌ಗೆ ಪತ್ರ ಬರೆದ. ಪತ್ರ ಕೈಸೇರಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಅಲ್ಲಿನ ಖಗೋಳಜ್ಞ ಗಾಲೆಯ ದೂರದರ್ಶಕಕ್ಕೆ ನೆಪ್ಚೂನ್ ಸಿಕ್ಕಿತು. ಹೇಳಿದ ಜಾಗಕ್ಕೂ ಸಿಕ್ಕ ಜಾಗಕ್ಕೂ ಒಂದು ಡಿಗ್ರಿಯ ಅಂತರವೂ ಇರಲಿಲ್ಲ. ಮುಂದೆ ಬುಧನ ಕಕ್ಷೆಯೂ ಹೊಂದದೆ ಹೋದಾಗ ಲವೆರಿಯೆ ಅದೇ ಜಾಡು ಹಿಡಿದ. ಸೂರ್ಯನ ಹತ್ತಿರ ‘ವಲ್ಕನ್’ ಎಂಬ ಗ್ರಹವಿರಬೇಕೆಂದ. ಅಂಥ ಗ್ರಹ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಬುಧನ ಲೆಕ್ಕ ಕೂಡಿಬಂತು.

ಇಂದು ಅದೇ ಪ್ರಶ್ನೆ ಗೆಲಾಕ್ಸಿಗಳಷ್ಟು ದೊಡ್ಡದಾಗಿದೆ. ನ್ಯೂಟನ್ನನ ಗುರುತ್ವ ನಿಯಮದಂತೆ ಗೆಲಾಕ್ಸಿಯ ಅಂಚಿನ ನಕ್ಷತ್ರಗಳು ನಿಧಾನವಾಗಿ ಸುತ್ತಬೇಕಿತ್ತು. ಖಗೋಳಜ್ಞೆ ವೆರಾ ರೂಬಿನ್ ಅಳೆದು ನೋಡಿದರೆ ವೇಗ ತಗ್ಗಿರಲೇ ಇಲ್ಲ. ಕಾಣದ ಡಾರ್ಕ್ ಮ್ಯಾಟರ್ ಅವನ್ನು ಎಳೆದು ಹಿಡಿದಿದೆ ಎಂಬುದು ಬಹುಮಂದಿಯ ಉತ್ತರ. 1983ರಲ್ಲಿ ಇಸ್ರೇಲಿನ ಭೌತವಿಜ್ಞಾನಿ ಮಿಲ್ಗ್ರೊಮ್ ಇನ್ನೊಂದು ದಾರಿ ತೋರಿಸಿದರು: ಸೆಳೆತ ಅತಿ ಕ್ಷೀಣವಾದಲ್ಲಿ ನ್ಯೂಟನ್ನನ ನಿಯಮವೇ ಬದಲಾಗುತ್ತಿರಬಹುದು. ಈ ಒಂದೇ ಊಹೆ ಎಷ್ಟೋ ಗೆಲಾಕ್ಸಿಗಳ ಚಲನೆಗೆ ಅಚ್ಚರಿಯಾಗುವಷ್ಟು ಹೊಂದುತ್ತದೆ. ಗೆಲಾಕ್ಸಿಗಳ ದೊಡ್ಡ ಗುಂಪುಗಳ ಮುಂದೆ ಮಾತ್ರ ಸೋಲುತ್ತದೆ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ತಿಳಿದಾಗಲೂ ಹಾಗೆಯೇ ಆಯಿತು. ಹಲವರು ಇದಕ್ಕೆ ಕಾಣದ ‘ಡಾರ್ಕ್ ಎನರ್ಜಿ’ ಕಾರಣ ಎಂದರು, ಕೆಲವರು ಗುರುತ್ವವನ್ನೇ ತಿದ್ದಲು ಕುಳಿತರು.

2017ರ ಆಗಸ್ಟ್ 17ರಂದು ಆಕಾಶವೇ ಪರೀಕ್ಷೆಗೆ ಒದಗಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾಗಿದ್ದವು. ಅಷ್ಟು ದೂರ ಸಾಗಿ ಬಂದ ಗುರುತ್ವದ ಅಲೆಗೂ ಗಾಮಾ ಕಿರಣಕ್ಕೂ ನಡುವೆ ಇದ್ದದ್ದು ಸುಮಾರು 1.7 ಸೆಕೆಂಡು. ಗುರುತ್ವವನ್ನು ತಿದ್ದಿ, ಈ ಎರಡರ ವೇಗ ಬೇರೆ ಬೇರೆ ಎನ್ನುತ್ತಿದ್ದ ಅನೇಕ ಸಿದ್ಧಾಂತಗಳು ಇದರಿಂದ ಬಿದ್ದುಹೋದವು. ಇತ್ತ, ದಶಕಗಳಿಂದ ನೆಲದಾಳದಲ್ಲಿ ಕಾದು ಕುಳಿತ ಉಪಕರಣಗಳಿಗೆ ಡಾರ್ಕ್ ಮ್ಯಾಟರ್‌ನ ಕಣವೂ ಖಚಿತವಾಗಿ ಸಿಕ್ಕಿಲ್ಲ.

ಬಿದ್ದುಹೋದ ಆ ಸಿದ್ಧಾಂತಗಳ ಬಗ್ಗೆ ನನಗೆ ಗೌರವವಿದೆ. ತಾವು ಎಲ್ಲಿ ತಪ್ಪಬಹುದೆಂದು ಅವು ಮೊದಲೇ ಹೇಳಿಕೊಂಡಿದ್ದವು. ಲವೆರಿಯೆಯ ಪ್ರತಿಭೆ ಎರಡನೆಯ ಸಲವೂ ಕುಂದಿರಲಿಲ್ಲ. ಒಮ್ಮೆ ಗೆಲ್ಲಿಸಿದ ದಾರಿಯೇ ಅವನನ್ನು ದೂರ ಒಯ್ದಿತು. ಮನೆಯಲ್ಲಿ, ಕೆಲಸದಲ್ಲಿ, ನಂಬಿಕೆಯಲ್ಲಿ ನಮ್ಮನ್ನು ಗೆಲ್ಲಿಸಿದ ದಾರಿಗಳೂ ಹಾಗೆಯೇ. ಬಲವಾಗಿ ಹಿಡಿದುಕೊಂಡ ಒಂದು ಅಭಿಪ್ರಾಯವನ್ನಾದರೂ ಇಂದು ಎತ್ತಿಕೊಂಡು, ಏನು ಕಂಡರೆ ಇದನ್ನು ಬಿಟ್ಟೇನು ಎಂದು ಕೇಳಿಕೊಳ್ಳೋಣ. ಉತ್ತರ ಹೊಳೆದರೆ ಅದು ತಿಳಿವಳಿಕೆ. ಹೊಳೆಯದಿದ್ದರೆ, ನಾವು ಹಿಡಿದಿರುವುದು ಬರೀ ಹಟ.