ಉಳುಮೆ ನಿಂತ ಭೂಮಿ ಮತ್ತು ಅಹಿಂಸೆ

ಹೊಲವನ್ನು ಉಳದೆ ಬಿಟ್ಟ ರೈತನಿಗೆ ಸರ್ಕಾರವೇ ಹಣ ಕೊಡುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ಬೆಳೆದುಬಂದಿದೆ. ಅಮೆರಿಕದ 1985ರ ಕಾಯಿದೆಯಂತೆ, ಸವಕಳಿಗೆ ಈಡಾಗುವ ಭೂಮಿಯನ್ನು 10ರಿಂದ 15 ವರ್ಷ ಹುಲ್ಲಿಗೋ ಮರಗಳಿಗೋ ಬಿಟ್ಟವನಿಗೆ ವರ್ಷವರ್ಷವೂ ಬಾಡಿಗೆ ಸಲ್ಲುತ್ತದೆ. ಧಾನ್ಯದ ಹೆಚ್ಚುವರಿಯನ್ನು ತಗ್ಗಿಸಲು ಯುರೋಪು 1988ರಲ್ಲಿ ಆರಂಭಿಸಿದ ಇಂಥದೇ ಕ್ರಮ 2008ರಲ್ಲಿ ರದ್ದಾಯಿತು. ನೇಗಿಲಿಗೆ ಸಿಕ್ಕುವ ಅಸಂಖ್ಯ ಜೀವಿಗಳನ್ನು ನೆನೆಯುವ ಶ್ರಾವಕನಿಗೆ ಇದು ಜೀವದಯೆಯೆಂದೇ ತೋರಬಹುದು. ಆದರೆ ಉಳುಮೆ ನಿಂತ ಮಾತ್ರಕ್ಕೆ ಅಹಿಂಸೆಯಾಯಿತೇ?

ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ಬೋಧಿಸಿದವರು ಭಗವಾನ್ ಆದಿನಾಥರು. ಕೃಷಿಯಲ್ಲಿ ಆಗುವುದು ಉದ್ಯೋಗಿ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ತ್ಯಜಿಸಲಾರ, ಎಚ್ಚರದಿಂದ ಮಿತಗೊಳಿಸಬಲ್ಲ. ಹಿಂಸೆಯ ಬೇರು ಪ್ರಮಾದ ಮತ್ತು ಕಷಾಯಗಳಲ್ಲಿದೆ. ಆದುದರಿಂದ ಬೆಲೆ ಕುಸಿಯದಿರಲೆಂದು ಬೀಳುಬಿಟ್ಟ ಹೊಲದಲ್ಲಿ ಜೀವಿಗಳು ಉಳಿದರೂ ಅದು ವ್ಯವಹಾರವೇ ಹೊರತು ವ್ರತವಲ್ಲ.

ಬೆಂಗಳೂರಿನ ಪೂರ್ವಭಾಗದಲ್ಲಿ ಇದೇ ಪ್ರಶ್ನೆ ಇನ್ನೂ ಕಠಿಣವಾಗಿ ಎದುರಾಗಿದೆ. ಇಲ್ಲಿಯೂ ಸರ್ಕಾರದ ಹಣ ಉಳುಮೆಯನ್ನು ನಿಲ್ಲಿಸಿದೆ. ಅದರ ಹೆಸರು ಭೂಸ್ವಾಧೀನದ ಪರಿಹಾರ. ಬಿನ್ನಮಂಗಲದ ನೆಲದಲ್ಲಿ ಇಂದಿರಾನಗರ ಎದ್ದಿತು. ಕೃಷ್ಣರಾಜಪುರದ ಆಸುಪಾಸಿನ ರಾಗಿಯ ಹೊಲಗಳಲ್ಲಿ ಕೈಗಾರಿಕಾ ಪ್ರದೇಶಗಳೂ ಬಡಾವಣೆಗಳೂ ಬೆಳೆದವು. ಅಮೆರಿಕದ ಹೊಲ ಹುಲ್ಲುಗಾವಲಾದರೆ ಅವಧಿ ಮುಗಿದ ಮೇಲೆ ಮತ್ತೆ ಹೊಲವಾಗಬಲ್ಲದು. ಕಾಂಕ್ರೀಟಿನಡಿಯ ಮಣ್ಣಿಗೆ ಆ ಭಾಗ್ಯವಿಲ್ಲ. ಊಟದ ರಾಗಿಯಂತೂ ಬೇಕೇ ಬೇಕು. ಅದೀಗ ದೂರದ ಯಾವುದೋ ಹೊಲವನ್ನು ಉತ್ತು ಬರುತ್ತದೆ. ಹಿಂಸೆ ಕಣ್ಮರೆಯಾಯಿತು, ಕಡಿಮೆಯಾಗಲಿಲ್ಲ.

ಪರಿಹಾರದ ಹಣ ಯಾರ ಕೈಸೇರಿತೆಂಬುದೂ ಧರ್ಮದ ಪ್ರಶ್ನೆಯೇ. 1894ರ ಭೂಸ್ವಾಧೀನ ಕಾಯಿದೆ ನೋಡಿದ್ದು ಭೂಮಿಯ ಮೇಲಿನ ಹಕ್ಕನ್ನು. ಕಳೆ ಕಿತ್ತು, ಕುಯ್ಲು ಮಾಡಿ ಬದುಕಿದ ಕೂಲಿಕಾರರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಅಂಥವರನ್ನೂ ಬಾಧಿತ ಕುಟುಂಬಗಳೆಂದು ಪರಿಗಣಿಸಿದ 2013ರ ಕಾಯಿದೆ ಜಾರಿಗೆ ಬಂದದ್ದು 2014ರ ಜನವರಿ 1ರಂದು. ಅಷ್ಟರಲ್ಲಿ ಎಷ್ಟೋ ಹೊಲಗಳು ನಿವೇಶನಗಳಾಗಿಬಿಟ್ಟಿದ್ದವು.

ಅಂಥ ನಿವೇಶನ ಕೊಂಡ ಶ್ರಾವಕನು ತಾನು ನೇಗಿಲು ಹಿಡಿಯಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ಪರಿಗ್ರಹ ಪರಿಮಾಣದಲ್ಲಿ ಕ್ಷೇತ್ರ ಮತ್ತು ವಾಸ್ತುಗಳಿಗೆ ಮಿತಿ ಹಾಕಿಕೊಳ್ಳಬೇಕೆಂಬ ವಿಧಿ ಇಂದಿನ ನಗರಕ್ಕೆ ಹೇಳಿ ಮಾಡಿಸಿದಂತಿದೆ. ಎರಡನೆಯ, ಮೂರನೆಯ ನಿವೇಶನದ ಆಸೆಯನ್ನು ಕುಟುಂಬಗಳು ತಡೆದುಕೊಳ್ಳಲಿ. ಬಸದಿಗಳ ಟ್ರಸ್ಟುಗಳು ಜಾಗ ಕೊಳ್ಳುವ ಮೊದಲು ಅಲ್ಲಿ ಉತ್ತವರೂ ದುಡಿದವರೂ ಏನಾದರೆಂದು ವಿಚಾರಿಸಲಿ, ಆವರಣದಲ್ಲಿ ಒಂದಿಷ್ಟು ಮಣ್ಣನ್ನು ಮಣ್ಣಾಗಿಯೇ ಉಳಿಸಲಿ. ಹೊಲವನ್ನು ಬಿಡುವುದು ಸುಲಭ. ಹೊಲದ ಮೇಲಿನ ಲೋಭವನ್ನು ಬಿಡುವುದೇ ಅಹಿಂಸೆಗೆ ಹತ್ತಿರವಾದ ದಾರಿ.