ಬಿಟ್ಟಿ ಕರೆಂಟಿನ ಲೆಕ್ಕ



ಬಿಟ್ಟಿಯಾಗಿ ಬಂದುದಕ್ಕೆ ಲೆಕ್ಕ ಇಡಬೇಕೆ? ಕಳೆದ ಬೇಸಿಗೆಯಲ್ಲಿ ಒಂದು ಟಿ.ವಿ. ಡಿಶ್‌ನ ನೆಪದಲ್ಲಿ ಈ ಪ್ರಶ್ನೆ ನಮ್ಮೆದುರು ಬಂದಿತು. ನಾವು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಆದುದರಿಂದಲೇ ಇದನ್ನು ಬರೆಯುತ್ತಿದ್ದೇವೆ.

ಕೊಯಮತ್ತೂರಿನ ವ್ಯಾಪಾರಿ ಬಂಧುಗಳೊಬ್ಬರು ತಮ್ಮ ಹಳೆಯ ವ್ಯಾನಿನಲ್ಲಿ ಮಲಗುವ ಹಲಗೆ, ಫ್ಯಾನು, ಸಣ್ಣ ಟಿ.ವಿ. ಹಾಕಿಸಿದ್ದಾರೆ. ಉಡುಮಲೈಪೇಟೆ ಕಡೆಯ ಹಳ್ಳಿಗಳ ಸಂಚಾರಕ್ಕೆ ನಾವು ಅದರಲ್ಲಿಯೇ ಹೊರಟೆವು. ಅವರ ವೃದ್ಧ ತಾಯಿಯವರೂ ಜೊತೆಗಿದ್ದರು. ರಾತ್ರಿ ಚಂದನ ವಾಹಿನಿಯಲ್ಲಿ ನಾಲ್ಕು ಕನ್ನಡ ಮಾತು ಕಿವಿಗೆ ಬೀಳದಿದ್ದರೆ ಆ ತಾಯಿಗೆ ನಿದ್ದೆ ಬಾರದು. ಅದಕ್ಕೆಂದೇ ಮಗ ಬಿಚ್ಚಿ ಜೋಡಿಸಬಹುದಾದ ಡಿಶ್ ಒಂದನ್ನು ತಂದಿದ್ದರು. ದೂರದರ್ಶನದ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ.

ಮೊದಲ ರಾತ್ರಿ ಮರಗಳ ಅಡ್ಡಿಯಿಲ್ಲದ ಬಯಲಿನಲ್ಲಿ ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸಿ ನಿಲ್ಲಿಸಿದೆವು. ವ್ಯಾನಿನಲ್ಲಿ ಮೊದಲೇ ಇದ್ದ ಆಂಟೆನಾ ಸಾಕೆಟ್ಟಿಗೆ ಕೇಬಲ್ ಚುಚ್ಚಿದರೆ ಚಿತ್ರವೇ ಬಾರದು. ಡಿಶ್‌ನ ಮುಂದಿರುವ ಎಲ್.ಎನ್.ಬಿ. ಕೆಲಸ ಮಾಡಬೇಕಾದರೆ ಸೆಟ್‌ಟಾಪ್ ಬಾಕ್ಸು ಅದೇ ಕೇಬಲಿನಲ್ಲಿ 13 ಅಥವಾ 18 ವೋಲ್ಟ್ ಮೇಲಕ್ಕೆ ಕಳುಹಿಸಬೇಕು. ಹಳೆಯ ಆಂಟೆನಾದ ಬೂಸ್ಟರ್ ನಡುವೆ ಕುಳಿತು ಅದನ್ನು ತಡೆಯುತ್ತಿತ್ತು. ಬಾಕ್ಸಿನಿಂದ ನೇರ ಕೇಬಲ್ ಎಳೆದ ಮೇಲೆ ಚಿತ್ರ ಮೂಡಿತು. ಆಕಾಶದಿಂದ ಬಿಟ್ಟಿ ಬರುವುದಕ್ಕೂ ಕೆಳಗಿನಿಂದ ಏನಾದರೂ ಮೊದಲು ಹೋಗಬೇಕು!

ಟಿ.ವಿ.ಯನ್ನು ಮೂರು ತಾಸು ನೋಡಿದೆವು, ಫ್ಯಾನು ರಾತ್ರಿಯಿಡೀ ತಿರುಗಿತು. ಎಲ್ಲವೂ ಎಂಜಿನ್ ಸ್ಟಾರ್ಟ್ ಮಾಡುವ ಆ ಒಂದೇ ಬ್ಯಾಟರಿಯಿಂದ. ಬೆಳಿಗ್ಗೆ ವ್ಯಾನು ಸ್ಟಾರ್ಟ್ ಆಗಲಿಲ್ಲ. ಟಿ.ವಿ. ನೋಡಿದವರು ನಾವು, ಬೈಸಿಕೊಂಡವನು ಡ್ರೈವರ್. ಇಂತಹ ಬಳಕೆಗೆ ಬೇರೆ ಬ್ಯಾಟರಿ ಇರಬೇಕು, ಅದರ ಪಕ್ಕದಲ್ಲೇ ಫ್ಯೂಸ್ ಇರಬೇಕು ಎಂಬುದನ್ನು ಹೀಗೆ ಕಲಿತೆವು.

ಎರಡನೆಯ ರಾತ್ರಿ ಒಂದು ತೆಂಗಿನ ತೋಟದಲ್ಲಿ ತಂಗಿದೆವು. ಬ್ಯಾಟರಿಯ ಕಥೆ ಕೇಳಿದ ತೋಟದ ಯಜಮಾನರು, "ಅದಕ್ಯಾಕಣ್ಣಾ ಯೋಚನೆ? ಪಂಪ್ ಶೆಡ್ಡಿನಿಂದ ವೈರ್ ಎಳೀರಿ. ಅದು ಫ್ರೀ ಕರೆಂಟು" ಎಂದರು. ನಾವು ಬಿ.ಕಾಂ. ಓದಿದವರಲ್ಲವೇ, ಕೂಡಲೇ ಲೆಕ್ಕ ಹಾಕಿದೆವು: 70 ವಾಟ್, ಮೂರು ತಾಸು, ಕಾಲು ಯೂನಿಟ್ಟೂ ಆಗದು. "ಎಳೆಯಿರಿ" ಎಂದೆವು. ಪಕ್ಕದ ಹೊಲದ ರೈತರೊಬ್ಬರು ಅಲ್ಲಿಯೇ ನಿಂತಿದ್ದರು. ಪಂಪ್‌ಸೆಟ್ಟಿನ ಉಚಿತ ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಳಿಂದ ಕಾಯುತ್ತ, ಡೀಸೆಲ್ ಸುಟ್ಟು ನೀರೆತ್ತುವವರು. ಅವರು ಏನೂ ಅನ್ನಲಿಲ್ಲ, ಸುಮ್ಮನೆ ನಕ್ಕರು. ಆ ನಗೆ ನಮಗೆ ಮುಳ್ಳಿನಂತೆ ಚುಚ್ಚಿತು.

ಆ ಕರೆಂಟು ನಿಜವಾಗಿ ಬಿಟ್ಟಿಯೇ? ಪಂಪ್‌ಸೆಟ್ ವಿದ್ಯುತ್ ದರ ಏರಿಕೆಯನ್ನು ವಿರೋಧಿಸಿ ಈ ಸೀಮೆಯ ರೈತರು ಹೋರಾಡಿದಾಗ, 1970ರ ಜೂನ್ ತಿಂಗಳಲ್ಲಿ ತಿರುಪ್ಪೂರಿನ ಹತ್ತಿರದ ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳುತನದಲ್ಲಿ ಹೋರಾಟ ವರ್ಷಗಟ್ಟಲೆ ನಡೆಯಿತು. 1984ರಲ್ಲಿ ಸಣ್ಣ ರೈತರಿಗೆ, 1990ರಲ್ಲಿ ಎಲ್ಲ ರೈತರಿಗೆ ಉಚಿತ ವಿದ್ಯುತ್ ದೊರಕಿತು. ಇಂದಿಗೂ ಅದರ ಹಣವನ್ನು ಸರಕಾರ ವಿದ್ಯುತ್ ನಿಗಮಕ್ಕೆ ಕಟ್ಟುತ್ತದೆ, ಎಂದರೆ ಜನರೇ ಕಟ್ಟುತ್ತಾರೆ. ನೀರೆತ್ತಲೆಂದು ಕೊಟ್ಟದ್ದನ್ನು ಬೇರೆಯದಕ್ಕೆ ಬಳಸುವುದನ್ನು 2003ರ ವಿದ್ಯುತ್ ಕಾಯಿದೆಯೂ ಒಪ್ಪುವುದಿಲ್ಲ.

ಆದರೆ ಕಾಯಿದೆಯ ಭಯ ಇಲ್ಲಿ ಮುಖ್ಯವಲ್ಲ. ಅಂಗಡಿ ಇಟ್ಟವರಿಗೆ ಗೊತ್ತು: ಒಬ್ಬರು ಮದುವೆ ಖರ್ಚಿಗೆಂದು ನಮ್ಮಲ್ಲಿ ಇಟ್ಟ ಹಣದಿಂದ ಹತ್ತು ರೂಪಾಯಿ ತೆಗೆದು ಚಹಾ ಕುಡಿದರೆ, ಮೊತ್ತ ಚಿಕ್ಕದೆಂದು ತಪ್ಪು ಚಿಕ್ಕದಾಗುವುದಿಲ್ಲ. ಬೆಲೆ ಕೊಟ್ಟು ತಂದದ್ದನ್ನು ನಮಗೆ ಬೇಕಾದಂತೆ ಬಳಸಬಹುದು. ಬೆಲೆಯಿಲ್ಲದೆ ಬಂದದ್ದು ಯಾವ ಉದ್ದೇಶಕ್ಕೆ ಬಂದಿತೋ ಆ ಉದ್ದೇಶಕ್ಕೆ ಮಾತ್ರ ನಮ್ಮದು. ಹೀಗಾಗಿ ಬಿಟ್ಟಿ ಬಂದುದರ ಲೆಕ್ಕವೇ ಹೆಚ್ಚು ಬಿಗಿಯಾಗಿರಬೇಕು.

ಯಜಮಾನರ ಅತಿಥಿಪ್ರೇಮವನ್ನು ತಳ್ಳಿಹಾಕುವುದು ಸರಿಯೇ ಎಂದು ಕೇಳಬಹುದು. ತಳ್ಳಬೇಕಾಗಿರಲಿಲ್ಲ. "ಅಣ್ಣಾ, ಮನೆಯ ಲೈನಿನಿಂದಲೇ ಕೊಡಿ, ಮೀಟರ್ ಓಡಲಿ" ಎಂದೆವು. ಅವರು ನಗುತ್ತಲೇ ಮನೆಯಿಂದ ಉದ್ದನೆಯ ವೈರ್ ತಂದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಮಿಳುನಾಡಿನಲ್ಲಿ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ ಉಚಿತವಲ್ಲವೇ ಎನ್ನುವಿರಿ. ಹೌದು, ಆದರೆ ಅದು ಮನೆಯವರ ದೀಪಕ್ಕೆ, ಟಿ.ವಿ.ಗೆ, ಬಂದ ನೆಂಟರಿಗೆಂದೇ ಕೊಟ್ಟದ್ದು. ಶೆಡ್ಡಿನ ಕರೆಂಟು ಕೊಟ್ಟಿದ್ದರೆ ಯಜಮಾನರು ಊರ ಸೊತ್ತನ್ನು ಕೊಟ್ಟಂತಾಗುತ್ತಿತ್ತು. ಮನೆಯ ಕರೆಂಟು ಕೊಟ್ಟಾಗ ತಮ್ಮದನ್ನು ಕೊಟ್ಟರು. ಆತಿಥ್ಯವೆಂದರೆ ಅದೇ.

ಕತ್ತಲಲ್ಲಿ ಸ್ಟಾರ್ಟರ್ ಒತ್ತಲು ಪಂಪ್ ಶೆಡ್ಡಿನಲ್ಲಿ ಒಂದು ಬಲ್ಬು ಉರಿಸಿದರೆ ಅದೂ ತಪ್ಪೇ? ಅಲ್ಲವೆಂದೇ ನಮ್ಮ ಅನಿಸಿಕೆ. ಅದು ನೀರೆತ್ತುವ ಕೆಲಸದ್ದೇ ಭಾಗ. ಆದರೆ ಆ ಬಲ್ಬಿನ ಬೆನ್ನಿಗೆ ಮನೆ, ಅಂಗಡಿ, ತಂಗುವ ವ್ಯಾನು ಒಂದೊಂದಾಗಿ ಬರುತ್ತವೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೀಟರಿಲ್ಲದ ಕಡೆ ನಾವೇ ಹೇಳಿಕೊಳ್ಳಬೇಕು. ಅಲ್ಲಿ ನಮ್ಮ ಮನಸ್ಸೇ ಮೀಟರು.

ಆ ರಾತ್ರಿ ತಾಯಿಯವರು ಚಂದನ ನೋಡುತ್ತಲೇ ನಿದ್ದೆ ಹೋದರು. ಬೆಳಿಗ್ಗೆ ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.



— ಕಾರ್ಯದರ್ಶಿ