ಕುಳಿತು ಕಂಡ ಪರ್ವತ

ಪರ್ವತವನ್ನು ಕಂಡವನೆಂದು ಯಾರನ್ನು ಕರೆಯತಕ್ಕದ್ದು? ಕಾಲಿನ ನೋವಿನಿಂದ ಅದರ ಎತ್ತರವನ್ನು ಅಳೆದವನನ್ನೋ, ಮೆತ್ತನೆಯ ಆಸನದಲ್ಲಿ ಕುಳಿತು ಗಾಜಿನ ಕಿಟಕಿಯಿಂದ ನೋಡಿದವನನ್ನೋ? ಕೇಳುವಾಗ ಈ ಪ್ರಶ್ನೆಯು ವಿನೋದದಂತೆ ತೋರಬಹುದು. ಆದರೆ ಸುಖಕ್ಕೂ ಶ್ರಮಕ್ಕೂ ಇರುವ ಸಂಬಂಧವೇನೆಂಬ ಹಳೆಯ ವಿಚಾರವು ಇದರೊಳಗೆ ಅಡಗಿರುವುದರಿಂದ, ಇದನ್ನು ನಕ್ಕು ಬಿಟ್ಟುಬಿಡುವುದು ಯುಕ್ತವಲ್ಲ.

ಯೂರೋಪು ಖಂಡದ ಉತ್ತರದ ಬಯಲುನಾಡುಗಳಿಂದ ಬೇಸಗೆಯ ರಜೆಯಲ್ಲಿ ಆಲ್ಪ್ಸ್ ಪರ್ವತಗಳ ಕಡೆಗೆ ಮೋಟಾರು ಬಸ್ಸುಗಳು ಹೊರಡುವುವು. ಅಂಥದೊಂದು ಬಸ್ಸಿನಲ್ಲಿ ಕುಳಿತ ಕುಟುಂಬವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮೊಣಕಾಲು ನೋಯುವ ಅಜ್ಜಿ, ತಂದೆತಾಯಿಗಳು, ಹತ್ತು ವರ್ಷದ ಹುಡುಗ, ತಾಯಿಯ ಪಕ್ಕದಲ್ಲಿ ನಿದ್ದೆಹೋದ ಕೂಸು. ಊಟ, ವಸತಿ, ದಾರಿ, ಎಲ್ಲವನ್ನೂ ಬೇರೊಬ್ಬರು ಏರ್ಪಡಿಸಿರುವರು. ಈ ಪದ್ಧತಿಯು ಹೊಸದಲ್ಲ. ತಾಮಸ್ ಕುಕ್ ಎಂಬ ಆಂಗ್ಲೇಯನು 1863ರಲ್ಲಿಯೇ ಒಂದು ತಂಡವನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದನು. ಆದರೆ ಅವನ ಜೊತೆಗೆ ಹೋದವರು ರೈಲು, ಕುದುರೆಗಾಡಿ, ಹೇಸರಗತ್ತೆಗಳಲ್ಲದೆ ತಮ್ಮ ಕಾಲುಗಳನ್ನೂ ಬಳಸಬೇಕಾಗಿತ್ತು. ಈಗಿನ ಅಜ್ಜಿಯು ಬಸ್ಸಿನ ಮೆಟ್ಟಿಲುಗಳನ್ನು ಹತ್ತಿದರೆ ಸಾಕು.

ಇವರು ಪರ್ವತವನ್ನು ಕಾಣಲೇ ಇಲ್ಲವೆಂದು ವಾದಿಸುವವರುಂಟು. ಬೆವರಿಲ್ಲದೆ ಬಂದ ದರ್ಶನವು ದರ್ಶನವೇ ಅಲ್ಲವೆಂಬುದು ಅವರ ಮತ. ಈ ಪೂರ್ವಪಕ್ಷಕ್ಕೆ ಪುರಾಣದ ಬೆಂಬಲವೂ ದೊರೆಯುತ್ತದೆ. ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯದಲ್ಲಿ, ಐಶ್ವರ್ಯದಿಂದಲೋ ಲೋಭದಿಂದಲೋ ಮೋಹದಿಂದಲೋ ವಾಹನವೇರಿ ಹೋದವನಿಗೆ ಆ ತೀರ್ಥವು ನಿಷ್ಫಲವೆಂದು ಹೇಳಿದೆ. ಆದರೆ ವಚನವನ್ನು ಪೂರ್ತಿಯಾಗಿ ಓದಬೇಕು. ಐಶ್ವರ್ಯ ಲೋಭ ಮೋಹಗಳೆಂಬ ಹೇತುಗಳನ್ನು ಅಲ್ಲಿ ಎತ್ತಿ ಹೇಳಿದೆ. ಮೊಣಕಾಲಿನ ನೋವನ್ನು ಹೇಳಿಲ್ಲ. ಹೇತುವಿಲ್ಲದಲ್ಲಿ ದೋಷವನ್ನು ಆರೋಪಿಸುವುದು ನ್ಯಾಯವಲ್ಲ.

ಇನ್ನು ಕಾಣುವುದೆಂದರೇನು? ಆತ್ಮವು ಮನಸ್ಸಿನೊಡನೆಯೂ, ಮನಸ್ಸು ಇಂದ್ರಿಯದೊಡನೆಯೂ, ಇಂದ್ರಿಯವು ವಿಷಯದೊಡನೆಯೂ ಕೂಡಿದಾಗ ಪ್ರತ್ಯಕ್ಷವುಂಟಾಗುವುದೆಂದು ನೈಯಾಯಿಕರು ಹೇಳುವರು. ಈ ಸರಪಳಿಯಲ್ಲಿ ಕಾಲಿಗೆ ಸ್ಥಾನವಿಲ್ಲ. ಕಡಿದಾದ ದಾರಿಯನ್ನು ಹತ್ತುವವನ ಮನಸ್ಸು ಎಷ್ಟೋ ವೇಳೆ ತನ್ನ ಉಸಿರಿನಲ್ಲಿಯೂ ಪಾದರಕ್ಷೆಯ ಒತ್ತಿನಲ್ಲಿಯೂ ಸಿಕ್ಕಿಕೊಂಡಿರುತ್ತದೆ. ಕುಳಿತ ಅಜ್ಜಿಗೆ ಆ ತೊಡಕಿಲ್ಲ. ಅವಳ ಮೊಮ್ಮಗನು ಕೈಯಲ್ಲಿರುವ ದೂರವಾಣಿಯ ಆಟದಲ್ಲಿ ಮುಳುಗಿ ಹಿಮಶಿಖರವನ್ನು ಕಾಣದೆ ಹೋದರೆ ಅದು ಬಸ್ಸಿನ ಅಪರಾಧವಲ್ಲ. ನಡೆಸಿಕೊಂಡು ಹೋಗಿದ್ದರೂ ಅವನು ಹಾಗೆಯೇ ಇರುತ್ತಿದ್ದನು.

ಹೀಗೆ ದರ್ಶನದ ಪ್ರಶ್ನೆಯು ಬೇಗನೆ ತೀರುತ್ತದೆ. ತೀರದೆ ಉಳಿಯುವ ಪ್ರಶ್ನೆಯು ಬೇರೆ. ‘ಶ್ರಮವಿಲ್ಲದೆ ಕಂಡೆವು’ ಎಂಬ ಮಾತು ನಿಜವೆ? ಶ್ರಮವು ಇಲ್ಲವಾಯಿತೋ, ಅಥವಾ ಮತ್ತೊಬ್ಬರ ಹೆಗಲಿಗೆ ದಾಟಿತೋ?

ಸ್ವಿಟ್ಜರ್ಲೆಂಡಿನ ಉತ್ತರದಿಂದ ಇಟಲಿಯ ಕಡೆಗೆ ಹೋಗುವವರಿಗೆ ಅಡ್ಡವಾಗಿ ಗೋಟ್‌ಹಾರ್ಡ್ ಎಂಬ ಘಟ್ಟವಿದೆ. ಅದರ ಎತ್ತರ 2,100 ಮೀಟರಿಗೂ ಸ್ವಲ್ಪ ಹೆಚ್ಚು. 1830ರಲ್ಲಿ ಅಲ್ಲಿಗೆ ಗಾಡಿಯ ರಸ್ತೆಯಾಯಿತು. ಐದು ಕುದುರೆಗಳ ಟಪ್ಪಾಲುಗಾಡಿಯು ಜನರನ್ನು ಹೊತ್ತು ಓಡಾಡುತ್ತಿತ್ತು. ರೂಡಾಲ್ಫ್ ಕೊಲ್ಲರನೆಂಬ ಚಿತ್ರಕಾರನು 1873ರಲ್ಲಿ ಬರೆದ ಪ್ರಸಿದ್ಧವಾದ ಚಿತ್ರವೊಂದರಲ್ಲಿ ಆ ಗಾಡಿಯು ಘಟ್ಟದಿಂದ ಧಾವಿಸಿ ಇಳಿಯುತ್ತಿದೆ. ಅದರ ಮುಂದೆ ಒಂದು ಕರುವು ಪ್ರಾಣಭಯದಿಂದ ಓಡುತ್ತಿದೆ. ನೋಡುವವರು ಕುದುರೆಗಳನ್ನು ಹೊಗಳುವರು. ಗಾಡಿಯೊಳಗೆ ಕುಳಿತವರಿಗೆ ಆ ಕರುವು ಕಾಣುವುದೇ ಸಂದೇಹ. ಆ ಚಿತ್ರವನ್ನು ಬರೆಸಿ ಕಾಣಿಕೆಯಾಗಿ ಕೊಟ್ಟದ್ದು ಆಲ್ಫ್ರೆಡ್ ಎಷರನಿಗೆ. ಗಾಡಿಯ ಕಾಲವನ್ನು ಮುಗಿಸಲಿದ್ದ ಗೋಟ್‌ಹಾರ್ಡ್ ರೈಲಿನ ಮುಖ್ಯಸ್ಥನೇ ಅವನು!

ಆ ರೈಲಿಗಾಗಿ ಪರ್ವತದ ಹೊಟ್ಟೆಯಲ್ಲಿ 15 ಕಿಲೋಮೀಟರು ಉದ್ದದ ಸುರಂಗವನ್ನು 1872ರಿಂದ ಕೊರೆದರು. ಕೊರೆದವರಲ್ಲಿ ಬಹುಮಂದಿ ಇಟಲಿಯ ಬಡವರು. ಒಳಗೆ ಸುಡುವ ಸೆಕೆ, ಸಿಡಿಮದ್ದಿನ ಹೊಗೆ, ಕೆಸರು. ಆ ಕೆಸರಿನಿಂದ ಕರುಳಿನ ಕೊಕ್ಕೆಹುಳುವಿನ ರೋಗವು ಹರಡಿ ಜನರು ಬಿಳಿಚಿ ಬಿದ್ದರು. 1875ರಲ್ಲಿ ಗೋಶೆನೆನ್ ಎಂಬ ಊರಿನಲ್ಲಿ ಕೂಲಿಯವರು ಮುಷ್ಕರ ಹೂಡಿದಾಗ ಗುಂಡು ಹಾರಿಸಿದರು, ನಾಲ್ವರು ಸತ್ತರು. ಕೆಲಸ ಮುಗಿಯುವುದರೊಳಗೆ ಒಟ್ಟು ಸತ್ತವರ ಸಂಖ್ಯೆಯು ಇನ್ನೂರರ ಸಮೀಪಕ್ಕೆ ಬಂದಿತು. ಗುತ್ತಿಗೆದಾರನಾದ ಲೂಯಿ ಫಾವ್ರನೂ 1879ರಲ್ಲಿ ಸುರಂಗದೊಳಗೆಯೇ ಕುಸಿದು ತೀರಿಕೊಂಡನು. ಮರುವರ್ಷ ಎರಡು ಕಡೆಯ ಕೊರೆತಗಳು ಸೇರಿದಾಗ ಆ ರಂಧ್ರದ ಮೂಲಕ ಮೊದಲು ದಾಟಿಸಿದ್ದು ಅವನ ಭಾವಚಿತ್ರವನ್ನು. 1882ರಲ್ಲಿ ರೈಲು ಓಡಿತು. ಬಸ್ಸುಗಳು ಹೋಗುವ ರಸ್ತೆಯ ಸುರಂಗವು ತೆರೆದದ್ದು 1980ರಲ್ಲಿ, 16.9 ಕಿಲೋಮೀಟರು. ಅದನ್ನು ಕಟ್ಟುವಾಗಲೂ ಹತ್ತೊಂಬತ್ತು ಮಂದಿ ಹೋದರು.

ಅದೇ ದಾರಿಯ ಶೊಲ್ಲೆನೆನ್ ಕಂದರದಲ್ಲಿ ದೆವ್ವದ ಸೇತುವೆಯೆಂಬುದಿದೆ. ಅದನ್ನು ಕಟ್ಟಲಾರದ ಊರಿ ಸೀಮೆಯ ಜನರಿಗೆ ದೆವ್ವವೇ ಬಂದು ಕಟ್ಟಿಕೊಟ್ಟಿತಂತೆ. ಮೊದಲು ದಾಟುವ ಜೀವವು ತನಗೆ ಸಲ್ಲಬೇಕೆಂದು ಕರಾರು ಮಾಡಿತಂತೆ. ಜನರು ಬುದ್ಧಿವಂತರು, ಒಂದು ಆಡನ್ನು ಅಟ್ಟಿದರು. ರೇಗಿದ ದೆವ್ವವು ಸೇತುವೆಯನ್ನು ಒಡೆಯಲು ಎತ್ತಿಕೊಂಡ ಬಂಡೆಯೆಂದು ಹೇಳುವ ಕಲ್ಲು ಗೋಶೆನೆನ್ ಬಳಿ ಇಂದಿಗೂ ಇದೆ. ಹೆದ್ದಾರಿಗೆ ಅಡ್ಡವಾಯಿತೆಂದು 220 ಟನ್ ತೂಕದ ಆ ಬಂಡೆಯನ್ನು 1977ರಲ್ಲಿ 127 ಮೀಟರು ಸರಿಸಿದರು. ದೆವ್ವದಿಂದ ಆಗದಿದ್ದುದನ್ನು ಶಿಲ್ಪಿಗಳು ಮಾಡಿದರೆನ್ನಬೇಕು. ಕಥೆಯನ್ನು ಕೇಳಿದವರೆಲ್ಲರೂ ಜನರ ಜಾಣತನಕ್ಕೆ ನಗುವರು. ಆಡಿನ ವಿಷಯವನ್ನು ಯಾರೂ ಕೇಳುವುದಿಲ್ಲ. ದಾರಿಯೆಂಬುದು ಬೆಲೆಯಿಲ್ಲದೆ ಆಗುವುದಿಲ್ಲ, ಬೆಲೆಯನ್ನು ತೆರುವವನು ದಾಟುವವನಲ್ಲ ಎಂಬ ತಿಳಿವಳಿಕೆಯು ಆ ಬೆಟ್ಟದ ಜನರಿಗೆ ಮೊದಲಿನಿಂದಲೂ ಇದ್ದಿರಬೇಕು.

‘ಹಣ ಕೊಟ್ಟಿದ್ದೇವಲ್ಲ?’ ಎಂದು ಆ ತಂದೆಯು ಕೇಳಬಹುದು. ಕೊಟ್ಟಿರುವನು, ನಿಜ. ಜೀವಂತರ ಕೂಲಿಯು ಹಣದಿಂದ ತೀರೀತು. ಸತ್ತ ಕೊರೆಯುವವನ ಲೆಕ್ಕಕ್ಕೆ ಯಾವ ಕಚೇರಿಯಲ್ಲಿ ಹಣ ಕಟ್ಟುವುದು? ಸಾಲಿಗನು ಇಲ್ಲದ ಸಾಲವನ್ನು ಕುರಿತು ವೈದಿಕರು ಯೋಚಿಸಿದ್ದರು. ಹುಟ್ಟುವಾಗಲೇ ಮನುಷ್ಯನಿಗೆ ಮೂರು ಋಣಗಳುಂಟೆಂದೂ, ಅವುಗಳಲ್ಲಿ ಋಷಿಗಳ ಋಣವು ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದಿಂದ, ತೀರುವುದೆಂದೂ ಹೇಳಿದರು. ಋಷಿಗಳಿಗೆ ಹಿಂದಕ್ಕೆ ಕೊಡತಕ್ಕದ್ದು ಯಾವುದೂ ಇಲ್ಲ. ಅವರು ಮಾಡಿದ್ದನ್ನು ತಿಳಿಯುವುದೇ ಸಲುವಳಿ. ದಾರಿ ಕಡಿದವರ ಋಣಕ್ಕೂ ಇದಕ್ಕಿಂತ ಬೇರೆ ದಾರಿ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗುವುದು ತಪ್ಪಲ್ಲ. ತನ್ನಷ್ಟಕ್ಕೆ ತಾನೇ ಹೋದೆನೆಂದು ತಿಳಿಯುವುದು ತಪ್ಪು. ಪುರಾಣದ ಮೋಹವೆಂಬ ಮಾತಿಗೆ ಇದಕ್ಕಿಂತ ಚೆನ್ನಾದ ಅರ್ಥವು ಸಿಕ್ಕಲಾರದು.

ಜೀವಂತ ಸಾಲಿಗನೊಬ್ಬನಿದ್ದಾನೆ, ಬಸ್ಸನ್ನು ನಡೆಸುವವನು. ಆ ದೇಶಗಳ ಕಾನೂನಿನಂತೆ ನಾಲ್ಕೂವರೆ ಗಂಟೆ ನಡೆಸಿದ ಮೇಲೆ ಅವನು 45 ನಿಮಿಷ ವಿಶ್ರಮಿಸಲೇಬೇಕು. ಹಿಂದೆ ಘಟ್ಟವನ್ನು ಕಾಲ್ನಡೆಯಿಂದ ದಾಟಲು ಇಡೀ ಹಗಲು ಬೇಕಾಗುತ್ತಿತ್ತು. ಈಗ ಸುರಂಗದಲ್ಲಿ ಕಾಲು ಗಂಟೆ. ಆದರೂ ಸುರಂಗದ ಬಾಯಿಯಲ್ಲಿ ವಾಹನಗಳ ಸಾಲು ನಿಂತರೆ ಬಸ್ಸಿನೊಳಗೆ ಗೊಣಗಾಟವೇಳುತ್ತದೆ. ಮೇಲೆ ಚಾಲಕನ ಈ ಮುಕ್ಕಾಲು ಗಂಟೆಯೂ ಸೇರಿದರೆ ಹೇಳತೀರದು.

ಆ ವಿರಾಮವು ಸುರಂಗದ ದಕ್ಷಿಣದ ಬಾಯಿಯ ಊರಾದ ಐರೋಲೊದಲ್ಲಿ ಬಿತ್ತೆಂದುಕೊಳ್ಳೋಣ. ಅಲ್ಲಿಯ ರೈಲು ನಿಲ್ದಾಣದ ಬಳಿ ಒಂದು ಕಂಚಿನ ಉಬ್ಬುಶಿಲ್ಪವಿದೆ. ವಿನ್ಚೆಂಜೊ ವೇಲನೆಂಬ ಶಿಲ್ಪಿಯು ರೈಲು ಓಡಿದ ಕಾಲದಲ್ಲಿಯೇ ರೂಪಿಸಿದ್ದನ್ನು 1932ರಲ್ಲಿ, ಐವತ್ತು ವರ್ಷ ತುಂಬಿದಾಗ, ಅಲ್ಲಿ ನಿಲ್ಲಿಸಿದರು. ಕೂಲಿಯವರು ತಮ್ಮವನೊಬ್ಬನ ಹೆಣವನ್ನು ಡೋಲಿಯಲ್ಲಿ ಹೊತ್ತು ನಡೆಯುತ್ತಿರುವರು. ತಂದೆಯು ಗಡಿಯಾರವನ್ನು ನೋಡಿಕೊಳ್ಳುತ್ತ ಬಸ್ಸಿನ ಬಳಿಯೇ ನಿಂತಿದ್ದಾನೆ. ಮೊಣಕಾಲು ನೋಯುವ ಅಜ್ಜಿಯು ಮೆಲ್ಲನೆ ನಡೆದು ಶಿಲ್ಪದ ಮುಂದೆ ಬಂದಿದ್ದಾಳೆ. ಹುಡುಗನೂ ಜೊತೆಗಿದ್ದಾನೆ.

‘ಅಜ್ಜಿ, ಇವನನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದಾರೆ?’

‘ಹೊರಕ್ಕೆ, ಮಗು. ನಾವು ಈಗ ಬಂದೆವಲ್ಲ, ಹಾಗೆ ಬೆಟ್ಟದ ಒಳಗಿನಿಂದ ಹೊರಕ್ಕೆ.’

ಹುಡುಗನು ತಿರುಗಿ, ತಾವು ದಾಟಿ ಬಂದ ಬೆಟ್ಟವನ್ನು ನೋಡುತ್ತಾನೆ. ಚಾಲಕನ ವಿಶ್ರಾಂತಿ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿದೆ.